ಒತ್ತಕ್ಷರ ಎಣಿಸಿ ಪುಸ್ತಕ ಕೊಂಡ ಕತೆ

ಎರಡು ವರ್ಷದ ಹಿಂದೆ ನಮ್ಮ ಶಾಲೆಯಲ್ಲಿ ಮೊದಲ ಸಲ ಪುಸ್ತಕ ಮೇಳ ಮಾಡಿದೆವು. ಮೇಳ ಅಂದರೆ ದೊಡ್ಡದೇನೂ ಅಲ್ಲ. ನವೆಂಬರ್ 14ರಂದು ಬಿಸಿಯೂಟದ ಹಾಲಿನಲ್ಲಿ ಆರು ಬೆಂಚು ಜೋಡಿಸಿ, ಮೇಲೆ ನಮ್ಮನೆಯ ಬೆಡ್‌ಶೀಟ್ ಹಾಸಿ, ಪುಸ್ತಕ ಹರಡಿದೆವು, ಅಷ್ಟೇ. ತಿಪಟೂರಿನ ಕಡೆಯ ಒಂದು ಹಳ್ಳಿ ನಮ್ಮದು. ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಒಂದರಿಂದ ಏಳನೇ ಕ್ಲಾಸು, ಒಟ್ಟು 94 ಮಕ್ಕಳು. ನಾನು ನಲಿ-ಕಲಿ ಟೀಚರ್, ಅಂದರೆ ಒಂದರಿಂದ ಮೂರನೇ ಕ್ಲಾಸಿನ ಮಕ್ಕಳಿಗೆ. ಮೇಳದ ಜವಾಬ್ದಾರಿ ನನ್ನ ತಲೆಗೇ ಯಾಕೆ ಬಂತು ಅಂದರೆ, ಮೀಟಿಂಗಿನಲ್ಲಿ "ಮಾಡೋಣ" ಅಂತ ಮೊದಲು ಬಾಯಿ ಬಿಟ್ಟವಳು ನಾನೇ.

ಪುಸ್ತಕ ಆರಿಸುವುದೇ ಒಂದು ಕೆಲಸ ಅಂತ ಆಗ ನನಗೆ ಹೊಳೆದಿರಲಿಲ್ಲ. ಒಬ್ಬ ಅಂಗಡಿಯವರಿಗೆ ಫೋನ್ ಮಾಡಿದೆ. "ಪ್ರೈಮರಿ ಸ್ಕೂಲ್ ಸೆಟ್ ಅಂತಲೇ ಇದೆ ಮೇಡಂ, ನೀವು ತಲೆ ಕೆಡಿಸ್ಕೋಬೇಡಿ" ಅಂದರು. ನಾನೂ ಕೆಡಿಸಿಕೊಳ್ಳಲಿಲ್ಲ. ಎರಡು ರಟ್ಟಿನ ಪೆಟ್ಟಿಗೆ ಬಸ್ಸಿನಲ್ಲಿ ಬಂದವು. ಮೇಳದ ಹಿಂದಿನ ಸಂಜೆ ಬಿಚ್ಚಿದೆವು. ಮುಖಪುಟ ಎಲ್ಲ ಫಳಫಳ. ನವಿಲು, ಆನೆ, ಕಿರೀಟದ ರಾಜ. ಚೆನ್ನಾಗಿದೆ ಬಿಡಿ ಅಂದುಕೊಂಡು ಜೋಡಿಸಿಟ್ಟು ಮನೆಗೆ ಹೋದೆ.

ಮರುದಿನ ಎರಡನೇ ಕ್ಲಾಸಿನ ಒಂದು ಹುಡುಗಿ ನವಿಲಿನ ಪುಸ್ತಕ ಎತ್ತಿಕೊಂಡು ಕಂಬಕ್ಕೆ ಒರಗಿ ಕೂತಳು. ಎರಡು ನಿಮಿಷಕ್ಕೆ ಎದ್ದು ಬಂದು, ಪುಸ್ತಕವನ್ನು ಬೋರಲು ಹಾಕಿ ಇಟ್ಟು ಆ ಬೆಂಚಿನಿಂದ ದೂರ ಹೋಗಿ ನಿಂತಳು. ಏನಿದೆ ಅಂತ ನಾನು ತೆಗೆದು ನೋಡಿದೆ. ಒಳಗೆ ನವಿಲೂ ಇಲ್ಲ, ಗಿಳಿಯೂ ಇಲ್ಲ. ಕಳ್ಳನ ಕೈ ಕಡಿಸುವ ರಾಜನ ಕತೆ. ಕಡಿದ ಕೈಯ ಚಿತ್ರ ಸಮೇತ. ಅಕ್ಷರ ಸಾಸಿವೆ ಕಾಳಿನಷ್ಟು. ಕೊನೆಯಲ್ಲಿ ದಪ್ಪ ಅಕ್ಷರದಲ್ಲಿ ನೀತಿ ಬೇರೆ!

ಅದೇ ದಿನ ಮಧ್ಯಾಹ್ನ ಐದನೇ ಕ್ಲಾಸಿನ ಒಬ್ಬ ಸಾಮಾನ್ಯ ಜ್ಞಾನದ ಪುಸ್ತಕ ಹಿಡಿದು ಬಂದ. "ಮಿಸ್, ಇದ್ರಲ್ಲಿ ತಪ್ಪೈತೆ. 27 ಜಿಲ್ಲೆ ಅಂತೈತೆ." ನಿಜ. 2007ರಲ್ಲೇ ಚಿಕ್ಕಬಳ್ಳಾಪುರ, ರಾಮನಗರ ಸೇರಿ 29 ಆಗಿತ್ತು. ಆಮೇಲೆ ಯಾದಗಿರಿ, 2021ರಲ್ಲಿ ವಿಜಯನಗರ ಸೇರಿ 31. ಆ ಹುಡುಗ ಹುಟ್ಟುವ ಮುಂಚಿನ ಲೆಕ್ಕವನ್ನು ಹೊಸ ರಟ್ಟು ಹಾಕಿ ನಮಗೆ ಕಳಿಸಿದ್ದರು. ಉಳಿದಿದ್ದನ್ನು ವಾಪಸ್ ಕಳಿಸೋಣ ಅಂದರೆ, ಸೆಟ್ ಒಡೆದರೆ ತಗೊಳ್ಳಲ್ಲ ಅಂದರು. ಆ ಪೆಟ್ಟಿಗೆ ಇವತ್ತಿಗೂ ಬೀರುವಿನ ಮೇಲಿದೆ. ಧೂಳು ಹೊಡೆಯುವಾಗಲೆಲ್ಲ ನನ್ನನ್ನು ನೋಡಿ ನಗುತ್ತದೆ.

ಹಾಗಾಗಿ ಕಳೆದ ವರ್ಷ ಪಟ್ಟಿ ನಾನೇ ಮಾಡುತ್ತೇನೆ ಅಂದುಬಿಟ್ಟೆ. ಅಂದ ಮೇಲೆ ಗೊತ್ತಾಯ್ತು, ಎಲ್ಲಿಂದ ಶುರು ಮಾಡಬೇಕು ಅಂತಲೇ ಗೊತ್ತಿಲ್ಲ.

ಕೆಲವು ಪುಸ್ತಕದ ಹಿಂದೆ ವಯಸ್ಸು ಅಚ್ಚು ಹಾಕಿರುತ್ತಾರೆ. 5ರಿಂದ 8 ವರ್ಷ, 8ರಿಂದ 11 ವರ್ಷ, ಹೀಗೆ. ಆರಿಸುವುದಕ್ಕೆ ಅನುಕೂಲ ಅನ್ನಿಸುತ್ತದೆ. ಆದರೆ ನನ್ನ ಕೋಣೆಗೆ ಬಂದು ನೋಡಿ. ನಲಿ-ಕಲಿಯಲ್ಲಿ ಒಂದು, ಎರಡು, ಮೂರನೇ ಕ್ಲಾಸಿನವರು ಒಟ್ಟಿಗೆ ಕೂರುತ್ತಾರೆ. ಏಳು ವರ್ಷದ ಒಬ್ಬಳು ಪೇಪರಿನ ತಲೆಬರಹ ಓದುತ್ತಾಳೆ. ಒಂಬತ್ತು ವರ್ಷದ ಒಬ್ಬ ಇನ್ನೂ ಗುಣಿತಾಕ್ಷರದಲ್ಲೇ ಇದ್ದಾನೆ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ನಲಿ-ಕಲಿ ಶುರುವಾದದ್ದೇ ಈ ಕಾರಣಕ್ಕೆ ಅಲ್ವಾ, ಪ್ರತಿ ಮಗು ತನ್ನ ವೇಗದಲ್ಲಿ ಏಣಿ ಹತ್ತಲಿ ಅಂತ. ಪಾಠದಲ್ಲಿ ಅದನ್ನು ಒಪ್ಪಿಕೊಂಡು, ಪುಸ್ತಕ ಕೊಳ್ಳುವಾಗ ಮಾತ್ರ ವಯಸ್ಸು ನೋಡಿದರೆ ಹೇಗೆ?

ಕನ್ನಡದ ಮಗು ಎಲ್ಲಿ ಮುಗ್ಗರಿಸುತ್ತದೆ ಅಂತ ನನಗೆ ಗೊತ್ತಿತ್ತು. ಹದಿನಾಲ್ಕು ವರ್ಷದಿಂದ ಅದನ್ನೇ ನೋಡುತ್ತಿದ್ದೇನೆ. ಅಲ್ಲಿಂದಲೇ ಶುರು ಮಾಡಿದೆ.

ನಮ್ಮಲ್ಲಿ ಅಆಇಈಯಿಂದ ಶುರು ಮಾಡುವುದಿಲ್ಲ. ರ, ಗ, ಸ, ದ, ಅ. ಈ ಐದು ಬಂದರೆ ಸಾಕು, ಸರ, ದರ, ಅರಸ, ಅಗಸ, ಗರಗಸ ಎಲ್ಲ ಓದಬಹುದು. ಮಗುವಿಗೆ ಅವತ್ತೇ "ನಂಗೆ ಓದೋಕೆ ಬರ್ತದೆ" ಅನ್ನಿಸಿಬಿಡುತ್ತದೆ. ಆಮೇಲೆ ಕಾಗುಣಿತ. ಅದೂ ಹೇಗೋ ದಾಟುತ್ತಾರೆ. ಆಮೇಲೆ ಬರುತ್ತದೆ ನೋಡಿ, ಒತ್ತಕ್ಷರ. ಅಕ್ಕ, ಅಪ್ಪ, ಅಣ್ಣ ಸುಲಭ. ಅದೇ ಅಕ್ಷರಕ್ಕೆ ಅದೇ ಒತ್ತು, ಬಾಯಲ್ಲೂ ದಿನಾ ಓಡಾಡುವ ಮಾತು. 'ಪುಸ್ತಕ'ದಲ್ಲಿ ಒಂದು ಕ್ಷಣ ನಿಲ್ಲುತ್ತಾರೆ. 'ಸ್ವಾತಂತ್ರ್ಯ'ದಲ್ಲಿ ಕೂತೇ ಬಿಡುತ್ತಾರೆ.

ಅರ್ಕಾವೊತ್ತಿನ ತಮಾಷೆ ಬೇರೆಯೇ. 'ಸೂರ್ಯ' ಅಂತ ಬರೆದಿದ್ದರೆ ನಮ್ಮ ಕಣ್ಣು ಸೀದಾ ಸೂರ್ಯ ಅಂತಲೇ ಓದಿಬಿಡುತ್ತದೆ. ಮಗು ಬೆರಳಿಟ್ಟು ಓದುತ್ತದೆ. ಸೂ. ಆಮೇಲೆ ಕಾಣುವುದು ಯ. ಅದರ ಪಕ್ಕ ಒಂಬತ್ತರ ಹಾಗೆ ಒಂದು ಬಾಲ. ಆ ಬಾಲವನ್ನು ಯ-ಗಿಂತ ಮೊದಲು ಹೇಳಬೇಕು ಅಂತ ಯಾವ ನ್ಯಾಯ? "ಸೂಯ...ರ್" ಅಂತ ಓದಿ, ತಾನೇ ಅನುಮಾನದಿಂದ ನನ್ನ ಮುಖ ನೋಡುತ್ತದೆ. ಒಂದು ಪುಟದಲ್ಲಿ ಇಂಥವು ನಾಲ್ಕು ಬಂದರೆ ಐದನೆಯದಕ್ಕೆ ಪುಸ್ತಕ ಮಡಚಿಟ್ಟು ನೀರು ಕುಡಿಯಲು ಹೋಗುತ್ತದೆ. ಕತೆ ಎಷ್ಟೇ ಚೆನ್ನಾಗಿರಲಿ.

ಇನ್ನೊಂದು ಇದೆ, ರೈಲಿನಂಥ ಪದ. "ಹೊರಟುಹೋಗಬೇಕಾಗಿದ್ದುದರಿಂದ". ಇದನ್ನು ನಾನು ಸುಮ್ನೆ ಹೇಳುತ್ತಿಲ್ಲ, ಆ ಸೆಟ್ಟಿನ ಒಂದು 'ಚಿಣ್ಣರ ಕತೆ'ಯಲ್ಲಿ ಇದ್ದ ಪದ. ಮೊಲ ಕಾಡು ಬಿಟ್ಟು ಹೋಗುವ ಜಾಗದಲ್ಲಿ. ಮೂರನೇ ಕ್ಲಾಸಿನ ಮಗು ಈ ಪದದ ಕೊನೆಗೆ ಬರುವ ಹೊತ್ತಿಗೆ ಮೊಲ ಎಲ್ಲಿತ್ತು ಅಂತ ಮರೆತಿರುತ್ತದೆ. "ಮೊಲ ಹೊರಟಿತು" ಅಂದಿದ್ದರೆ ಏನಾಗುತ್ತಿತ್ತು?

ಸರಿ, ಒಂದು ಲೆಕ್ಕ ಇಟ್ಟುಕೊಂಡೆ. ಅಕ್ಷರದ ಗಾತ್ರಕ್ಕೆ ಅಡುಗೆಮನೆಯ ಅಳತೆ. ಈಗ ತಾನೇ ಓದಲು ಕಲಿಯುವವರಿಗೆ ಅವರೆಕಾಳು, ಕೂಡಿಸಿ ಓದುವವರಿಗೆ ತೊಗರಿಬೇಳೆ, ಸರಾಗವಾಗಿ ಓದುವವರಿಗೆ ಹೆಸರುಕಾಳು. ಸಾಸಿವೆ ಯಾರಿಗೂ ಬೇಡ. ಸಾಲುಗಳ ನಡುವೆ ಜಾಗ ಇರಬೇಕು. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗಿದರೆ ಆ ಪುಸ್ತಕ ಬೇಡ. ಇಂಗ್ಲಿಷಿಗೆ ಈ ತೊಂದರೆ ಅಷ್ಟಾಗಿ ಇಲ್ಲ. ನಮ್ಮ ಅಕ್ಷರಕ್ಕೆ ಕೆಳಗೂ ಕಾಲಿದೆ, ಕಾಲು ಚಾಚಲು ಜಾಗ ಬೇಕು. ಆಮೇಲೆ ಯಾವುದಾದರೂ ಒಂದು ಪುಟ ತೆಗೆದು ಒತ್ತಕ್ಷರ ಎಣಿಸುವುದು. ಅಕ್ಕ-ಅಪ್ಪ ಥರದವು ಬಿಟ್ಟು ಉಳಿದವು ಮಾತ್ರ. ನಮ್ಮ ಹೆಡ್ಮಾಸ್ಟರ್ "ಏನು ಮೇಡಂ, ಪುಸ್ತಕದಲ್ಲಿ ಕಲ್ಲು ಆರಿಸ್ತಾ ಇದ್ದೀರಾ?" ಅಂದರು. ಹೂಂ ಸರ್, ಕಲ್ಲೇ ಅಂದೆ.

ಬೆಂಗಳೂರಿಗೆ ಒಂದು ಶನಿವಾರ ಬೆಳಗಿನ ರೈಲು ಹಿಡಿದೆ. ಹಳೇ ವಿದ್ಯಾರ್ಥಿಗಳು 6,000 ರೂಪಾಯಿ ಕೂಡಿಸಿ ಕೊಟ್ಟಿದ್ದರು. ಅದರಲ್ಲಿ ಪುಸ್ತಕ ತಂದು, ಯಾವುದಾದರೂ 20 ರೂಪಾಯಿಗೆ ಅಂತ ಮಕ್ಕಳಿಗೆ ಕೊಡುವುದು, ಬಂದ ದುಡ್ಡು ಮುಂದಿನ ವರ್ಷಕ್ಕೆ. ನವೆಂಬರ್ ಆದ್ದರಿಂದ ಕನ್ನಡ ಪುಸ್ತಕಕ್ಕೆ ರಿಯಾಯಿತಿ ಬೇರೆ ಇತ್ತು. ಅಂಗಡಿಯ ಮಕ್ಕಳ ಕಪಾಟು ಎಲ್ಲಿ ಅಂತ ಕೇಳಿದರೆ ಮೂಲೆ ತೋರಿಸಿದರು. ಕೆಳಗಿನ ಎರಡು ಹಲಗೆ. ನೆಲದ ಮೇಲೇ ಕೂತೆ. ಮೂರು ಗಂಟೆ ಕೂತಿದ್ದೆ. ಅಂಗಡಿಯ ಹುಡುಗ ಪಾಪ ಕಾಫಿ ತಂದುಕೊಟ್ಟ.

ಏನೂ ಗೊತ್ತಿಲ್ಲದೆ ಕಣ್ಣುಮುಚ್ಚಿಕೊಂಡು ಹೋಗಿ ಆರಿಸಲಿಲ್ಲ. ಪ್ರಥಮ್ ಬುಕ್ಸ್‌ನವರ ಪುಸ್ತಕಗಳಲ್ಲಿ ವಯಸ್ಸಿನ ಬದಲು ಹಂತ ಇರುತ್ತದೆ, ಒಂದರಿಂದ ನಾಲ್ಕು. ಇದು ಕೆಲಸಕ್ಕೆ ಬರುವ ಪದ್ಧತಿ. ಇನ್ನೂ ಅನುಕೂಲ ಏನೆಂದರೆ, 2015ರಲ್ಲಿ ಅವರು ಶುರು ಮಾಡಿದ ಸ್ಟೋರಿವೀವರ್ ಅನ್ನುವ ವೆಬ್‌ಸೈಟಿನಲ್ಲಿ ಕನ್ನಡದ ಕತೆಗಳನ್ನು ಪುಕ್ಕಟೆ ಓದಬಹುದು. ಒಂದು ತಿಂಗಳು ಮೊದಲೇ ದಿನಕ್ಕೊಂದು ಕತೆಯನ್ನು ಫೋನಿನಲ್ಲಿ ತೆರೆದು ಮಕ್ಕಳಿಗೆ ಓದಿಸಿದ್ದೆ. ಯಾರು ಎಲ್ಲಿ ನಿಂತರು, ಯಾವ ಪುಟಕ್ಕೆ ನಕ್ಕರು, ಯಾವುದನ್ನು "ಇನ್ನೊಂದ್ಸಲ ಮಿಸ್" ಅಂದರು, ಎಲ್ಲ ಹಳೇ ಹಾಜರಿ ಪುಸ್ತಕದ ಹಿಂದೆ ಗುರುತು ಮಾಡಿಕೊಂಡೆ. ಆದರೆ ಹಂತವನ್ನೂ ಪೂರ್ತಿ ನಂಬಬೇಡಿ. ಕೆಲವು ಕತೆಗಳು ಬೇರೆ ಭಾಷೆಯಲ್ಲಿ ಹುಟ್ಟಿ ಕನ್ನಡಕ್ಕೆ ಬಂದವು. ಅಲ್ಲಿ ಸಣ್ಣದಿದ್ದ ಪದ ಇಲ್ಲಿ ಎರಡು ಒತ್ತು ಹೊತ್ತುಕೊಂಡು ಬಂದಿರುತ್ತದೆ.

ಅನುವಾದದ ವಿಷಯ ಬಂತು, ಹೇಳಿಬಿಡುತ್ತೇನೆ. ನನ್ನದೊಂದು ಸಣ್ಣ ಪರೀಕ್ಷೆ ಇದೆ. ಒಂದು ಪುಟದಲ್ಲಿ 'ಮತ್ತು' ಎಷ್ಟು ಸಲ ಬಂದಿದೆ ಅಂತ ನೋಡುತ್ತೇನೆ. ನಮ್ಮೂರಿನ ಯಾವ ಮಗುವೂ "ನಾನು ಮತ್ತು ತಮ್ಮ" ಅನ್ನುವುದಿಲ್ಲ. "ನಾನೂ ತಮ್ಮನೂ" ಅನ್ನುತ್ತದೆ. ಮೂರು 'ಮತ್ತು' ಕಂಡರೆ ಪುಸ್ತಕ ವಾಪಸ್ ಹಲಗೆಗೆ. ಅದೇ ಚೆನ್ನೈನ ಪ್ರಕಾಶಕರಾದ ತೂಲಿಕಾದವರ ಎರಡು-ಮೂರು ಚಿತ್ರದ ಪುಸ್ತಕ ಕನ್ನಡ ನಾಲಿಗೆಗೆ ಸಲೀಸಾಗಿ ಬಂದವು. ತಗೊಂಡೆ. ನವಕರ್ನಾಟಕದ ವಿಜ್ಞಾನದ ತೆಳು ಪುಸ್ತಕಗಳು, ನ್ಯಾಷನಲ್ ಬುಕ್ ಟ್ರಸ್ಟಿನ ನೆಹರು ಬಾಲ ಪುಸ್ತಕಾಲಯದ ಕೆಲವು, ಒಗಟಿನ ಪುಸ್ತಕ ಐದು ಪ್ರತಿ. ಹಾವುಗಳ ಬಗ್ಗೆ ಫೋಟೋ ಇರುವ ಒಂದು ಪುಸ್ತಕ ಸಿಕ್ಕಿತು, ಅದು ದೊಡ್ಡವರಿಗೆ ಬರೆದದ್ದು. ಒತ್ತಕ್ಷರದ ಲೆಕ್ಕದಲ್ಲಿ ಸಂಪೂರ್ಣ ನಪಾಸು. ಆದರೂ ತಗೊಂಡೆ. ತೆಂಗಿನ ತೋಟದಲ್ಲಿ ಬೆಳೆಯುವ ಮಕ್ಕಳು, ಗರಿ ಎತ್ತಿದರೆ ಹಾವು. ಕೊಳಕುಮಂಡಲ ಯಾವುದು, ಕೇರೆ ಯಾವುದು ಅಂತ ತಿಳಿಯುವುದಕ್ಕೆ ವಯಸ್ಸು ಯಾಕೆ? ಮೇಳದ ದಿನ ಮೊದಲು ಹೋದದ್ದು ಅದೇ. ಮೂರು ಹುಡುಗರು ಸೇರಿ 20 ರೂಪಾಯಿ ಹಾಕಿ ಕೊಂಡರು. ವಾರಕ್ಕೊಬ್ಬರ ಮನೆಯಲ್ಲಂತೆ.

ಹೆದರಿಸುವ ಕತೆ, ಅಳಿಸುವ ಕತೆ ಇಡಬೇಕೇ ಬೇಡವೇ ಅಂತ ಸ್ಟಾಫ್ ರೂಮಿನಲ್ಲಿ ದೊಡ್ಡ ಚರ್ಚೆ ಆಯ್ತು. ಕೈ ಕಡಿಸಿದ ರಾಜನ ಕತೆ ಎಲ್ಲರಿಗೂ ನೆನಪಿತ್ತು. ಇಂಗ್ಲಿಷ್ ಟೀಚರ್ "ಸಾವು ಇರೋ ಕತೆ ಒಂದೂ ಬೇಡ" ಅಂದರು. ಆಗ ಕನ್ನಡ ಮೇಷ್ಟ್ರು ಮೆಲ್ಲಗೆ, "ಹಂಗಾದ್ರೆ ಪುಣ್ಯಕೋಟಿ?" ಅಂದರು. ಎಲ್ಲರೂ ಸುಮ್ಮನಾದೆವು. ಆ ಕತೆಯಲ್ಲಿ ತಾಯಿ ಸಾಯಲು ಹೊರಡುತ್ತಾಳೆ, ಕರುವನ್ನು ಬೇರೆಯವರ ಕೈಗೆ ಒಪ್ಪಿಸುತ್ತಾಳೆ, ಕೊನೆಗೆ ಹುಲಿ ಪ್ರಾಣ ಬಿಡುತ್ತದೆ. ನಾವೆಲ್ಲ ಅತ್ತೇ ಬೆಳೆದವರು. ಯಾರಿಗೂ ಅದರಿಂದ ಕೆಟ್ಟ ಕನಸು ಬಿದ್ದಿಲ್ಲ. ಕರುವಿನ ಪಕ್ಕ ಯಾರೋ ಇದ್ದಾರೆ ಅನ್ನುವುದು ಆ ಹಾಡಿನಲ್ಲಿ ಉದ್ದಕ್ಕೂ ಇದೆ. ಕೈ ಕಡಿಸಿದ ಕತೆಯಲ್ಲಿ ಯಾರೂ ಯಾರ ಪಕ್ಕವೂ ಇಲ್ಲ, ರಾಜ ಮತ್ತು ಕತ್ತಿ ಅಷ್ಟೇ. (ನೋಡಿ, ನಾನೂ 'ಮತ್ತು' ಬರೆದೆ.) ಅಜ್ಜ ತೀರಿಹೋದ ಒಂದು ಚಿತ್ರದ ಕತೆಯನ್ನು ಪಟ್ಟಿಯಲ್ಲಿ ಉಳಿಸಿಕೊಂಡೆವು.

ಇನ್ನೊಂದು ಪುಸ್ತಕವನ್ನು ಬೆಂಚಿನ ಮೇಲೆ ಇಡಲಿಲ್ಲ. ಹುಡುಗಿಯರು ದೊಡ್ಡವರಾಗುವ ಬಗ್ಗೆ, ಮುಟ್ಟಿನ ಬಗ್ಗೆ ಚಿತ್ರ ಸಮೇತ ನೇರವಾಗಿ ಬರೆದದ್ದು. ನಮ್ಮಲ್ಲಿ ಐದನೇ ಕ್ಲಾಸಿಗೇ ಶುರುವಾದವರಿದ್ದಾರೆ. ಎರಡು ಪ್ರತಿ ತಂದು ನನ್ನ ಬ್ಯಾಗಿನಲ್ಲೇ ಇಟ್ಟುಕೊಂಡೆ. ಏಳನೇ ಕ್ಲಾಸಿನ ಒಬ್ಬಳಿಗೆ ಹೇಳಿದೆ, ಅಷ್ಟೇ. ಮಧ್ಯಾಹ್ನದ ಹೊತ್ತಿಗೆ ಸ್ಟಾಫ್ ರೂಮಿನ ಬಾಗಿಲಲ್ಲಿ ಐದು ಜನ. ಅದನ್ನು ಮಾರಲಿಲ್ಲ. ಈಗಲೂ ಕೈಯಿಂದ ಕೈಗೆ ಓಡಾಡುತ್ತಿದೆ, ಒಂದು ಪ್ರತಿಗೆ ನ್ಯೂಸ್‌ಪೇಪರ್ ಹೊದಿಕೆ ಬಂದಿದೆ. ಯಾರದೋ ಅಮ್ಮನೂ ಓದಿದರಂತೆ.

ಅಪ್ಪಂದಿರ ಗಲಾಟೆ ಬೇರೆ ಥರ. ಒಬ್ಬರು ಸ್ಕೂಟರ್ ನಿಲ್ಲಿಸಿ ಒಳಗೆ ಬಂದು ಎಲ್ಲ ಬೆಂಚು ಒಂದು ಸುತ್ತು ಹಾಕಿದರು. "ಮಿಸ್, ನವೋದಯದ ಗೈಡ್ ಇಲ್ವಾ? ಮೊರಾರ್ಜಿದು?" ಇಲ್ಲ ಅಂದೆ. "ಮತ್ತೆ ಕತೆ ಓದಿ ಏನ್ ಮಾಡ್ತಾರೆ?" ಅಂದರು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಐದನೇ ಕ್ಲಾಸಿನ ಮಗ ಆ ವಸತಿ ಶಾಲೆಗಳ ಪ್ರವೇಶ ಪರೀಕ್ಷೆ ಪಾಸಾದರೆ ಆರನೇ ಕ್ಲಾಸಿನಿಂದ ಊಟ, ವಸತಿ, ಓದು ಎಲ್ಲ ಸಿಗುತ್ತದೆ. ಕೊಬ್ಬರಿ ಸುಲಿದು ಬದುಕುವ ಮನೆಗೆ ಅದು ಸಣ್ಣ ಮಾತಲ್ಲ. ಒಂದು ಪುಸ್ತಕ ತೆಗೆದು, ಇದನ್ನು ಮಗನ ಕೈಲಿ ಓದಿಸಿ ನೋಡಿ ಅಂದೆ. ಹುಡುಗ ಅಲ್ಲೇ ನಿಂತು ಓದಿದ. ಎರಡನೇ ಪುಟದಲ್ಲಿ ಮೂರು ಸಲ ನಿಂತ. ಅಪ್ಪ ಮಗನ ಮುಖವನ್ನೇ ನೋಡುತ್ತಿದ್ದರು. ಇಷ್ಟು ನಿಧಾನ ಓದಿದರೆ ಪ್ರಶ್ನೆಪತ್ರಿಕೆ ಮುಗಿಸಲು ಟೈಮ್ ಸಾಲುತ್ತಾ ಅಂತ ನಾನು ಕೇಳಲಿಲ್ಲ. ಅವರೇ 40 ರೂಪಾಯಿ ತೆಗೆದರು, ಎರಡು ಕೊಡಿ ಅಂದರು.

ನನ್ನ ದೊಡ್ಡ ತಪ್ಪು ಇದ್ದದ್ದು ಬೆಂಚು ಜೋಡಿಸಿದ್ದರಲ್ಲಿ. ಅಷ್ಟೆಲ್ಲ ಲೆಕ್ಕ ಹಾಕಿ ಆರಿಸಿದ ಮೇಲೆ ನಾನೇನು ಮಾಡಿದ್ದೆ ಗೊತ್ತಾ? ಡ್ರಾಯಿಂಗ್ ಶೀಟಿನಲ್ಲಿ ಚೆಂದವಾಗಿ ಬರೆದು ಅಂಟಿಸಿದ್ದೆ: '1-2-3ನೇ ತರಗತಿ', '4-5', '6-7'.

ಆರನೇ ಕ್ಲಾಸಿನಲ್ಲಿ ಒಬ್ಬ ಹುಡುಗ ಇದ್ದಾನೆ. ಎತ್ತರಕ್ಕೆ ಬೆಳೆದಿದ್ದಾನೆ, ಮೀಸೆ ಚಿಗುರು. ಟ್ರ್ಯಾಕ್ಟರ್ ಓಡಿಸುತ್ತಾನೆ ಅಂತ ಊರಿನವರು ಹೇಳುತ್ತಾರೆ, ನಾನು ಕೇಳಿಸಿಕೊಂಡಿಲ್ಲ. ಓದು ಇನ್ನೂ ಎರಡನೇ ಕ್ಲಾಸಿನ ಹತ್ತಿರ. ಕೊರೊನಾ ಬಂದು ಶಾಲೆ ಮುಚ್ಚಿದ್ದಾಗ ಅಕ್ಷರ ಕಲಿಯುವ ವಯಸ್ಸು ಅವನದು. ಅವನು 6-7ರ ಬೆಂಚಿನಿಂದ ಒಂದು ದಪ್ಪ ಜೀವನಚರಿತ್ರೆ ಎತ್ತಿಕೊಂಡು ಗೋಡೆಯ ಹತ್ತಿರ ನಿಂತಿದ್ದ. ತುಂಬಾ ಹೊತ್ತು ನಿಂತಿದ್ದ. ಪುಟ ಮಗುಚುತ್ತಲೇ ಇರಲಿಲ್ಲ. ನಾನು ಸುಮ್ಮನೆ ಹಿಂದಿನಿಂದ ಹಾದುಹೋದೆ. ದಪ್ಪ ಪುಸ್ತಕದ ಒಳಗೆ ತೆಳ್ಳಗಿನ ಇನ್ನೊಂದು ಇತ್ತು. 1-2-3ರ ಬೆಂಚಿನದು. ಬಸ್ಸೊಂದು ಕೆಸರಿನಲ್ಲಿ ಸಿಕ್ಕಿಕೊಂಡ ಕತೆ, ಪುಟಕ್ಕೆ ಎರಡೇ ಸಾಲು, ಅವರೆಕಾಳಿನಷ್ಟು ಅಕ್ಷರ. ತುಟಿ ಅಲ್ಲಾಡಿಸುತ್ತಾ ಓದುತ್ತಿದ್ದ.

ಆಮೇಲೆ ಎರಡೂ ಪುಸ್ತಕ ವಾಪಸ್ ಇಟ್ಟು, ಏನೂ ಕೊಳ್ಳದೆ ಹೊರಗೆ ಹೋದ. ಆ ಬೆಂಚಿನ ಹತ್ತಿರ ಒಂದನೇ ಕ್ಲಾಸಿನವರು ಗಿಜಿಗುಡುತ್ತಿದ್ದರು. ಅವರ ನಡುವೆ ನಿಂತು 20 ರೂಪಾಯಿ ಚಾಚುವುದು ಅವನ ಕೈಲಿ ಆಗಲಿಲ್ಲ.

ನನಗೆ ಮೈಯೆಲ್ಲ ಉರಿದುಹೋಯಿತು, ನನ್ನ ಮೇಲೇ. ಊಟದ ಬೆಲ್ ಹೊಡೆದ ತಕ್ಷಣ ಮೂರೂ ಶೀಟು ಕಿತ್ತು ಹಾಕಿದೆ. ಎಲ್ಲ ಪುಸ್ತಕ ಕಲಸಿದೆವು. ಹೊಸದಾಗಿ ಬರೆದೆವು: ಪ್ರಾಣಿ-ಪಕ್ಷಿ, ಬಸ್ಸು-ರೈಲು, ಅಜ್ಜ-ಅಜ್ಜಿ, ನಗು ಬರೋದು, ಮಾಡಿ ನೋಡಿ. ಪ್ರತಿ ಬೆಂಚಿನಲ್ಲೂ ತೆಳುವೂ ದಪ್ಪವೂ ಒಟ್ಟಿಗೆ. ಇಷ್ಟಾದರೂ ಸಾಲದು ಅನ್ನಿಸಿ, ಒಂದು ಬೆಂಚಿಗೆ ಕನ್ನಡ ಮೇಷ್ಟ್ರು ಒಂದು ಶೀಟು ಬರೆದುಕೊಟ್ಟರು. 'ತಮ್ಮ-ತಂಗಿಗೆ ಓದಿ ಹೇಳಲು'. ದೊಡ್ಡ ಮಕ್ಕಳಿಗೆ ಓದಲು ಬರುವಂಥ ಸಣ್ಣ ಪುಸ್ತಕ ಎಲ್ಲ ಅದರ ಮೇಲೆ. ಬಸ್ಸಿನ ಕತೆಯನ್ನು ಎಲ್ಲಕ್ಕಿಂತ ಮೇಲೆ ಇಟ್ಟೆವು.

ಮಧ್ಯಾಹ್ನ ಎರಡೂವರೆಗೆ ಬಂದ. ಜೇಬಿನಿಂದ ಎರಡು ಹತ್ತರ ನೋಟು ತೆಗೆದ. "ತಮ್ಮಂಗೆ ಮಿಸ್" ಅಂದ, ನನ್ನ ಮುಖ ನೋಡದೆ. ಅವನ ತಮ್ಮ ನನ್ನ ಕ್ಲಾಸಿನಲ್ಲೇ ಇದ್ದಾನೆ, ಒಂದನೇ ಕ್ಲಾಸು. "ಚೆನ್ನಾಗಿ ಓದಿ ಹೇಳಪ್ಪ" ಅಂದೆ. ಆ ಬೆಂಚಿನಿಂದ ಅವತ್ತು 17 ಪುಸ್ತಕ ಹೋದವು. ಅದರಲ್ಲಿ ತಮ್ಮ-ತಂಗಿ ಇಲ್ಲದವರು ಕೊಂಡದ್ದು ನಾಲ್ಕಾದರೂ ಇರಬೇಕು.

ನಾಲ್ಕೈದು ದಿನ ಬಿಟ್ಟು, ಬೆಳಿಗ್ಗೆ ಹಾಜರಿ ತೆಗೆಯುವಾಗ ಆ ತಮ್ಮ ಎದ್ದು ನಿಂತ. ಕಣ್ಣಲ್ಲಿ ನೀರು.

"ಮಿಸ್, ಅಣ್ಣ ಬಸ್ಸಿನ ಪುಸ್ತಕ ನಂಗೆ ಕೊಡ್ತಾನೇ ಇಲ್ಲ. ದಿಂಬಿನ ಕೆಳಗೆ ಇಟ್ಕಂಡವ್ನೆ. ಎಲ್ಲ ಅವನೇ ಓದ್ಕಂತಾನೆ."

ಈ ವರ್ಷದ ಪಟ್ಟಿ ಬರೆಯಲು ಮೊನ್ನೆ ಕೂತೆ. ಮೊದಲನೇ ಸಾಲು: ಬಸ್ಸಿನ ಕತೆ, 2 ಪ್ರತಿ.